ಇಬ್ಬರು ಕೂರುವಷ್ಟು ಅಗಲದ ಬೆಂಚು

"ಏಳಿ! ಮೊದಲು ಅದರ ಮೇಲಿಂದ ಏಳಿ!"

ಮಡಗಾಂವಿನ ಆ ವಾದ್ಯದಂಗಡಿಯಲ್ಲಿ ಗಿಟಾರಿನ ತಂತಿ ಬಿಗಿಯುತ್ತಿದ್ದವರೂ ಕೈ ನಿಲ್ಲಿಸಿ ತಿರುಗಿ ನೋಡಿದರು.

ಬೆನಿಲ್ಡಾಳ ಮುಖ ಕೆಂಪಾಗಿತ್ತು. ಬಸ್ಸಿನಲ್ಲಿ ನಿಂತು ಬಂದ ಆಯಾಸಕ್ಕಲ್ಲ. ಎದುರಿಗೆ, ಕೀಬೋರ್ಡ್ ನುಡಿಸುವವರ ಕಪ್ಪು ಮೆತ್ತೆಯ ಬೆಂಚಿನ ಮೇಲೆ ಕೂತು, ಪೂರ್ತಿ ಎಡಕ್ಕೆ ವಾಲಿಕೊಂಡು ಮಕ್ಕಳ ಹಾಗೆ ಆಟವಾಡುತ್ತಿದ್ದವನು ತೆಲ್ಮೊ!

ಬೇರೆ ಯಾರಾದರೂ ಆಗಿದ್ದರೆ ಅವಳು ಇಷ್ಟು ಕೂಗುತ್ತಿರಲಿಲ್ಲ.

ತೆಲ್ಮೊ ಗಡಿಬಿಡಿಯಲ್ಲಿ ಎದ್ದು ನಿಂತ. "ಬೆನಿಲ್ಡಾ... ನೀನಿಲ್ಲಿ? ಅದ್ಯಾವತ್ತಿಂದ ನಂಗೆ ಏಳಿ, ಕೂತ್ಕೊಳ್ಳಿ?"

"ನಮ್ಮ ಪಾಯ್‌ನ ಅವರ ಜಾಗದಿಂದ ಎಬ್ಬಿಸಿದವತ್ತಿಂದ!"

ಅವನ ಮುಖ ಬಾಡಿತು. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

'ಮಾತಿಲ್ಲ ನೋಡು! ತಪ್ಪು ಮಾಡಿದವರಿಗೆ ಮಾತೆಲ್ಲಿಂದ ಬರಬೇಕು...' ಎಂದುಕೊಂಡಳು ಅವಳು.

ಬೆನಿಲ್ಡಾಳ ಪಾಯ್, ಅಂದರೆ ತಂದೆ ಕೆರುಬಿನ್, ಊರಿನ ಮಕ್ಕಳಿಗೆಲ್ಲ ಸ್ವರ ಕಲಿಸಿದ ಮೇಷ್ಟ್ರು, ಎಲ್ಲರ ಬಾಯಲ್ಲಿ ಮೆಸ್ತ್. ಅವಳಿಗೆ ಬುದ್ಧಿ ಬಂದಾಗಿನಿಂದ ಇಗರ್ಜಿಯ ಮೇಲಟ್ಟದಲ್ಲಿ ಕೂತು ಪ್ರತಿ ಭಾನುವಾರದ ಪೂಜೆಗೂ ಕೀಬೋರ್ಡ್ ನುಡಿಸುತ್ತಿದ್ದವರು ಅವರೇ. ಹೋದ ವರ್ಷ ಒಂದು ಭಾನುವಾರ ಅವರ ಜಾಗದಲ್ಲಿ ಅವರದೇ ಶಿಷ್ಯ ತೆಲ್ಮೊ ಕೂತಿದ್ದ. ಪಾಯ್ ಕೆಳಗೆ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಮೆಸ್ತ್‌ಗೆ ವಯಸ್ಸಾಯ್ತು, ಸ್ವರ ತಪ್ಪುತ್ತೆ ಅಂತ ತೆಲ್ಮೊನೇ ಪಾದ್ರಿಯ ಕಿವಿ ಊದಿದ್ದಾನೆ ಎಂದು ಊರಲ್ಲಿ ಗುಸುಗುಸು.

ಕ್ರಿಸ್ಮಸ್ಸಿಗೆ ಮೊದಲೇ ಪಾಯ್‌ಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು.

ಕೊರಗಿನಿಂದಲೇ ಹೀಗಾಯಿತು ಎಂದು ಬೆನಿಲ್ಡಾ ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡಿದ್ದಳು. ಅವಳು ಹುಡುಗಿಯಾಗಿದ್ದಾಗ ಪಾಠಕ್ಕೆ ಬರುತ್ತಿದ್ದ ತೆಲ್ಮೊನ ಕಡೆಗೆ ಕದ್ದು ನೋಡುತ್ತಿದ್ದುದುಂಟು. ಆ ನೆನಪಿನ ಮೇಲೂ ಅವಳಿಗೀಗ ಸಿಟ್ಟು.

ಅಂಗಡಿಯ ಮಾಲೀಕ ರಾಯ್ಕರ್ ಬಾಬ್ ನಡುವೆ ಬಂದರು. "ಏನು ಬೇಕಿತ್ತು ಬಾಯ್? ಹೇಳು ಮಗಳೇ."

"ಪಾಯ್ ಕೂರೋಕೆ ಬೆಂಚು. ಮೆತ್ತೆ ಇರ್ಬೇಕು. ಎತ್ತರ ಹೆಚ್ಚುಕಡಿಮೆ ಮಾಡೋ ಹಾಗಿರ್ಬೇಕು. ಮತ್ತೆ ಮಡಚಿಡೋಕೆ ಬರ್ಬೇಕು. ನಾನು ಹೊಲಿಗೆಗೆ ಕೂರೋದೂ ಅದೇ ಕೋಣೇಲಿ, ಗಿರಾಕಿಗಳ ಮದುವೆ ಬಟ್ಟೆ ಹರಡೋಕೆ ಜಾಗ ಬೇಕು."

ಬಲಗೈ ಇನ್ನೂ ಚೆನ್ನಾಗಿತ್ತು. ಮಂಚದಲ್ಲಿ ಮಲಗಿಯೇ ಪಾಯ್ ಹೊದಿಕೆಯ ಮೇಲೆ ಬೆರಳಾಡಿಸುತ್ತಿದ್ದರು. ಕುರ್ಚಿಯಲ್ಲಿ ಕೂರಿಸಿದರೆ ಮನೆಯ ಕೀಬೋರ್ಡು ಎದೆಮಟ್ಟಕ್ಕೆ ಬರುತ್ತಿತ್ತು, ಕೈ ಸೋತು ಜಾರುತ್ತಿತ್ತು. ಅದನ್ನು ನೋಡಲಾಗದೆ ಬಂದವಳು ಅವಳು.

ಬಾಬ್ ಎರಡು ಬೆಂಚು ಮುಂದಿಟ್ಟರು. ಒಂದು ಕಿರಿದು, ಹಗುರ. ಇನ್ನೊಂದು ತೆಲ್ಮೊ ಕೂತಿದ್ದುದು... ಅಗಲ, ದಪ್ಪ ಮೆತ್ತೆ, ಎರಡೂ ತುದಿಗೆ ಕತ್ತರಿಯಂತೆ ತೆರೆದುಕೊಳ್ಳುವ ಕಾಲು, ಬದಿಯಲ್ಲಿ ತಿರುಗಿಸಿ ಎತ್ತರ ಹೊಂದಿಸುವ ಹಿಡಿ.

"ಅಗಲದ್ದು ತಗೋ ಬೆನಿಲ್ಡಾ," ತೆಲ್ಮೊ ಮೆಲ್ಲಗೆ ಹೇಳಿದ. "ಮೆಸ್ತ್‌ಗೆ ಎಡಗಡೆ ಬಲ ಇಲ್ಲ. ಆ ಸಣ್ಣದು ಅವರು ವಾಲಿದ್ರೆ ತಡೆಯಲ್ಲ."

ಅವಳು ಸರ್ರನೆ ಅವನ ಕಡೆ ತಿರುಗಿದಳು.

"ಅವರ ಬಲ ಎಲ್ಲಿಗೆ ಹೋಯ್ತು ಅಂತ ನೀನು ಹೇಳ್ತೀಯಾ ನಂಗೆ? ಬಾಬ್, ಆ ಸಣ್ಣದನ್ನೇ ಕಟ್ಟಿ!"

"ಸ್ವಲ್ಪ ಯೋಚ್ನೆ ಮಾಡು ಬಾಯ್, ಅವನು ಹೇಳೋದ್ರಲ್ಲೂ..." ಎಂದರು ಬಾಬ್.

"ಕಟ್ಟಿ ಅಂದೆ!"

ಬೆಂಚನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಅವಳು ಹೊರಟಳು. ಬಾಗಿಲ ತನಕ ಅವನ ಕಣ್ಣು ತನ್ನ ಬೆನ್ನಿನ ಮೇಲಿದ್ದುದು ಅವಳಿಗೆ ಗೊತ್ತಾಗುತ್ತಿತ್ತು...

ಮನೆಯಲ್ಲಿ ಪಾಯ್‌ಗೆ ಎಷ್ಟು ಖುಷಿ! ಬೆಂಚಿನ ಮೇಲೆ ಕೂರಿಸಿದ್ದೇ ತಡ, ಬಲಗೈ ತಾನೇ ತಾನಾಗಿ ಒಂದು ಹಳೆಯ ಹಾಡಿನ ದಾರಿ ಹಿಡಿಯಿತು. ಸೊಟ್ಟಗಾದ ತುಟಿಯಲ್ಲಿ ನಗು. ಬೆನಿಲ್ಡಾಗೂ ಎಷ್ಟೋ ತಿಂಗಳ ಮೇಲೆ ನಗು ಬಂತು.

"ನೀರು ಕುಡೀತೀರಾ ಪಾಯ್?"

ಅವಳು ಅಡುಗೆಮನೆಗೆ ಹೋಗಿ ಲೋಟ ತುಂಬಿದ್ದಷ್ಟೇ. ಹಾಡು ನಿಂತಿತು. ಧಡ್ ಎಂದು ಸದ್ದು.

"ಪಾಯ್!"

ಕೆಳಗಿನ ಸ್ವರಕ್ಕೆಂದು ಅವರು ಎಡಕ್ಕೆ ಬಾಗಿದ್ದರು. ಬೆಂಚು ಒಂದು ಕಡೆ, ಅವರು ಒಂದು ಕಡೆ. ಹಣೆ ಒಡೆದಿತ್ತು. ಸೊಂಟದ ನೋವಿಗೆ ಅವರು ಮಗುವಿನಂತೆ ನರಳಿದರು.

ಬೆನಿಲ್ಡಾ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲೇ ಕೂತುಬಿಟ್ಟಳು. 'ನಾನೇ ಬೀಳಿಸಿದೆ... ನನ್ನ ಹಟಕ್ಕೆ ಪಾಯ್‌ನ ನಾನೇ ಬೀಳಿಸಿದೆ!'

ಮೂಳೆ ಮುರಿದಿಲ್ಲ ಎಂದರು ಡಾಕ್ಟರು. ಅವಳ ಎದೆಯೊಳಗೆ ಮುರಿದದ್ದು ಮಾತ್ರ ಯಾರಿಗೂ ಕಾಣಲಿಲ್ಲ.

ಸುದ್ದಿ ಕೇಳಿ ಮರುದಿನ ತೆಲ್ಮೊ ಬಂದ. ಹೆಗಲ ಮೇಲೆ ಆ ಅಗಲದ ಬೆಂಚು.

ಬೆನಿಲ್ಡಾ ಬಾಗಿಲಿಗೆ ಅಡ್ಡ ನಿಂತಳು. ಅತ್ತು ಅತ್ತು ಕಣ್ಣು ಊದಿತ್ತು. "ಹೇಳು... 'ನಾನವತ್ತೇ ಹೇಳಿದ್ದೆ' ಅಂತ ಹೇಳಿ ಹೋಗು. ಅದಕ್ಕೇ ಬಂದಿದ್ದಲ್ವಾ?"

"ಇಲ್ಲ. ಇದನ್ನ ಕೊಟ್ಟು ಹೋಗೋಕೆ ಬಂದೆ. ಅವತ್ತು ಅಂಗಡಿಗೆ ಹೋಗಿದ್ದೂ ಅವರಿಗೆ ಅಂತಾನೇ. ಎಡಕ್ಕೆ ವಾಲಿದ್ರೆ ಮಗುಚುತ್ತಾ ಅಂತ ಕೂತು ನೋಡ್ತಿದ್ದೆ."

ಅವಳು ಬಾಗಿಲಿನಿಂದ ಸರಿದು ನಿಂತಳು.

ಒಳಗಿನಿಂದ ಪಾಯ್‌ನ ತೊದಲು ದನಿ ಕೇಳಿಸಿತು. "ತೆಲ್ಮೊ... ಒಳಗೆ ಬಾ ಪುತಾ."

ತೆಲ್ಮೊ ಮಂಚದ ಬಳಿ ಮಂಡಿಯೂರಿದ. ಪಾಯ್ ಅವನ ತಲೆಯ ಮೇಲೆ ಕೈಯಿಟ್ಟು ಮಗಳ ಕಡೆ ನೋಡಿದರು.

"ಬೆನು... ಇವನನ್ನ ಬೈಬೇಡ. ನನ್ನ ಜಾಗ ಇವನು ಕಿತ್ಕೊಳ್ಳಲಿಲ್ಲ. ನಾನೇ ಕೊಟ್ಟೆ."

"ಏನಂದ್ರಿ?"

"ಎಡಗೈ ಆಗಲೇ ಮಾತು ಕೇಳ್ತಿರಲಿಲ್ಲ. ಲೋಟ ಹಿಡಿಯೋಕೂ ಆಗ್ತಿರಲಿಲ್ಲ. ನಿಂಗೆ ಗೊತ್ತಾದ್ರೆ... ಹೊಲಿಗೆ ಬಿಟ್ಟು, ಮದುವೆ ಮಾತು ಬಿಟ್ಟು ನನ್ನನ್ನೇ ನೋಡ್ಕೊಂಡು ಕೂರ್ತೀಯ ಅಂತ ಹೆದರಿಕೆ. ಯಾರಿಗೂ ಹೇಳ್ಬೇಡ ಅಂತ ಇವನ ಕೈಲಿ ಆಣೆ ಹಾಕಿಸ್ಕೊಂಡೆ."

ಬೆನಿಲ್ಡಾ ಗೋಡೆಗೆ ಒರಗಿದಳು. 'ಒಂದು ವರ್ಷ! ಇಗರ್ಜಿಯ ಅಂಗಳದಲ್ಲಿ ಎಲ್ಲರೆದುರು ಮುಖ ತಿರುಗಿಸಿದೆ. ಕಳ್ಳ ಅಂದೆ. ಅವನು ಒಂದೇ ಒಂದು ಮಾತು ಆಡಲಿಲ್ಲವಲ್ಲ...'

"ತೆಲ್ಮೊ..." ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಈಗ ಏನೂ ಹೇಳ್ಬೇಡ," ಎಂದ ಅವನು. "ಬಾ, ಮೆಸ್ತ್‌ನ ಎಬ್ಬಿಸೋಣ."

ಬೆಂಚಿನ ಹಿಡಿ ತಿರುಗಿಸಿ, ಕೂರಿಸಿ ನೋಡಿ, ಮತ್ತೆ ತಗ್ಗಿಸಿ, ಮೆಸ್ತ್‌ನ ಮೊಣಕೈ ಸ್ವರಗಳ ಮಟ್ಟಕ್ಕೆ ಬರುವ ತನಕ ಅವನು ಬಿಡಲಿಲ್ಲ. ಆಮೇಲೆ ಅವರ ಎಡಗಡೆ ತಾನೂ ಕೂತ. ಅವರ ಭಾರವೆಲ್ಲ ಅವನ ಭುಜಕ್ಕೆ ಬಂತು. ಮೇಲಿನ ಸ್ವರಕ್ಕೆ ಗುರುವಿನ ಬಲಗೈ, ಕೆಳಗಿನ ಸ್ವರಕ್ಕೆ ಶಿಷ್ಯನ ಎಡಗೈ.

ಬೆನಿಲ್ಡಾ ಹೊಲಿಗೆಗೆ ಕೂರುವಾಗ ತೊಡುವ ಮೇಲಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು.

ಅಲ್ಲಿಂದ ದಿನವೂ ಸಂಜೆ ತೆಲ್ಮೊ ಬರತೊಡಗಿದ. ಅವಳು ಬಿಳಿ ಬಟ್ಟೆ ಮಡಚಿ ಬದಿಗಿಡುವಳು, ಅವನು ಬೆಂಚು ಬಿಡಿಸುವನು. ಪಾಯ್ ತಪ್ಪಿದರೆ ಅವನಿಗೇ ಬೈಯುವರು. "ಕತ್ತೆ, ಅವಸರ ಯಾಕೆ? ರೈಲು ಹಿಡೀಬೇಕಾ?" ಬೆನಿಲ್ಡಾ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುವಳು. ಆ ನಗು ನೋಡಲು ಅವನು ಬೇಕೆಂದೇ ತಪ್ಪುವುದೂ ಇತ್ತು!

ಆದರೆ ಪಾಯ್ ದಿನದಿನಕ್ಕೆ ಇಳಿಯುತ್ತಿದ್ದರು. ಗಂಜಿಯೂ ಒಲ್ಲೆ ಎನ್ನತೊಡಗಿದರು. ಅವರ ಆಸೆ ಒಂದೇ... ಇಗರ್ಜಿಯ ವರ್ಷದ ಹಬ್ಬ ಫೆಸ್ತಿಗೆ ಒಂದು ಹಾಡು ನುಡಿಸಬೇಕು.

ಮೇಲಟ್ಟದ ಮೆಟ್ಟಿಲು ಹತ್ತಿಸುವಂತಿರಲಿಲ್ಲ. ತೆಲ್ಮೊ ಪಾದ್ರಿಯನ್ನು ಕೇಳಿ ಕೀಬೋರ್ಡನ್ನೇ ಕೆಳಗಿಳಿಸಿದ. ಬೆಂಚನ್ನು ಬೆನಿಲ್ಡಾ ಹೊತ್ತು ತಂದಳು.

ಬಿಳಿ ಅಂಗಿ ತೊಟ್ಟ ಮೆಸ್ತ್ ಕೆರುಬಿನ್ ನುಡಿಸಿದರು. ಊರೆಲ್ಲ ಹಾಡಿತು. ಎರಡನೆಯ ಚರಣಕ್ಕೆ ಅವರ ಬೆರಳು ತಟ್ಟನೆ ನಿಂತಿತು.

ಬೆನಿಲ್ಡಾ ಕೈ ಜೋಡಿಸಿದಳು. 'ದೇವರೇ, ಇವತ್ತು ಬೇಡ...'

ತೆಲ್ಮೊ ತಾನು ಮುಂದುವರಿಯಲಿಲ್ಲ. ಎಡಗೈಯ ಒಂದೇ ಸ್ವರವನ್ನು ಒತ್ತಿ ಹಿಡಿದುಕೊಂಡು ಸುಮ್ಮನೆ ಕಾದ. ಹಾಡುವವರೂ ಕಾದರು. ಒಬ್ಬರೂ ಕೆಮ್ಮಲಿಲ್ಲ, ಒಬ್ಬರೂ ಮುಂದಕ್ಕೆ ಹಾಡಲಿಲ್ಲ. ಇಡೀ ಇಗರ್ಜಿ ಉಸಿರು ಬಿಗಿಹಿಡಿದು ಒಬ್ಬ ಮುದುಕನಿಗಾಗಿ ಕಾಯುತ್ತ ನಿಂತಿತು.

ಪಾಯ್‌ನ ಬೆರಳು ತಡವರಿಸುತ್ತ ತಡವರಿಸುತ್ತ ತನ್ನ ಸ್ವರವನ್ನು ಹುಡುಕಿಕೊಂಡಿತು. ಹಾಡು ಮುಗಿಯಿತು.

ಅದೇ ವಾರ ಒಂದು ಮಧ್ಯಾಹ್ನ, ಬೆನಿಲ್ಡಾ ಸೂಜಿಗೆ ದಾರ ಪೋಣಿಸುತ್ತಿದ್ದಾಗ, ಪಾಯ್ ನಿದ್ದೆಯಲ್ಲೇ ಹೋಗಿಬಿಟ್ಟರು.

ಮಣ್ಣು ಮಾಡುವಾಗ ತೆಲ್ಮೊನೂ ಪೆಟ್ಟಿಗೆಗೆ ಹೆಗಲು ಕೊಟ್ಟ. ಆಮೇಲೆ ಬರಲಿಲ್ಲ. ಸಂಜೆಯಾದರೆ ಬೆನಿಲ್ಡಾ ಅಭ್ಯಾಸಬಲದಿಂದ ಬಟ್ಟೆ ಬದಿಗೆ ಸರಿಸುವಳು. ಬಾಗಿಲಲ್ಲಿ ಯಾರೂ ಇರುತ್ತಿರಲಿಲ್ಲ. ಮಡಚಿದ ಬೆಂಚು ಗೋಡೆಗೊರಗಿ ನಿಂತಿರುತ್ತಿತ್ತು.

"ಅವನು ಬರ್ತಿದ್ದದ್ದು ಮೆಸ್ತ್‌ಗೋಸ್ಕರ, ನಿಂಗೋಸ್ಕರ ಅಂದ್ಕೊಂಡ್ಯಾ?" ಎಂದಳು ಪಕ್ಕದ ಮನೆಯ ಮರ್ಸೆಲಿನ್ ಮಾವ್ಶಿ.

ಆ ಮಾತು ಮುಳ್ಳಿನಂತೆ ಚುಚ್ಚಿತು. 'ಹೌದೇನೋ... ಅಷ್ಟೆಲ್ಲ ಅಂದವಳ ಮೇಲೆ ಅವನಿಗೆ ಏನು ಪ್ರೀತಿ ಇದ್ದೀತು?'

ಪಾಯ್ ಆತ್ಮಕ್ಕೆಂದು ಮಾಡಿಸಿದ ತಿಂಗಳ ಪೂಜೆ ಮುಗಿದರೂ ಅವನು ಬರಲಿಲ್ಲ. ಒಂದು ಬೆಳಗ್ಗೆ ಅವಳಿಗೆ ತಡೆಯಲಾಗಲಿಲ್ಲ. ಸೂಜಿಯನ್ನು ಬಟ್ಟೆಯಲ್ಲೇ ಚುಚ್ಚಿಟ್ಟು ಇಗರ್ಜಿಗೆ ನಡೆದಳು.

ಒಳಗಿನಿಂದ ಕೀಬೋರ್ಡಿನ ಸದ್ದು ಬರುತ್ತಿತ್ತು. ಬರೀ ಕೆಳಗಿನ ಸ್ವರಗಳು. ಮೇಲಿನ ಹಾಡೇ ಇಲ್ಲ.

ಅವಳು ಮೇಲಟ್ಟಕ್ಕೆ ಹತ್ತಿದಳು. ತೆಲ್ಮೊ ಎಡಗೈ ಒಂದರಲ್ಲೇ ನುಡಿಸುತ್ತಿದ್ದ. ಬಲಗೈ ತೊಡೆಯ ಮೇಲಿತ್ತು. ಗಡ್ಡ ಬೆಳೆದಿತ್ತು, ಕಣ್ಣಲ್ಲಿ ನೀರು.

"ಯಾಕೆ ಬರಲಿಲ್ಲ?" ಅವಳು ಮೆಟ್ಟಿಲ ಬಳಿಯಿಂದಲೇ ಕೇಳಿದಳು.

ಅವನು ತಿರುಗಿ ನೋಡಿದ. ಕೆನ್ನೆ ಒರೆಸಿಕೊಳ್ಳಲೂ ಇಲ್ಲ. "ದಿನಾ ನಿಮ್ಮ ಮನೆ ತಿರುವಿನ ತನಕ ಬರ್ತೀನಿ ಬೆನು. ಆಮೇಲೆ ಕಾಲೇ ಏಳಲ್ಲ. ಮೆಸ್ತ್ ಇಲ್ಲದ ಮನೆಗೆ ಏನಂತ ಬರ್ಲಿ?"

"ನಾನು ಇಲ್ವಾ ಅಲ್ಲಿ?"

ಅವನು ಕೀಬೋರ್ಡಿನ ಮೇಲಿಂದ ಎಡಗೈ ತೆಗೆದ.

"ನಾನು ನಿಂಗೆ ಕಳ್ಳ ಅಂದೆ ತೆಲ್ಮೊ. ಅದನ್ನ ಹೇಗೆ ವಾಪಸ್ ತಗೊಳ್ಳೋದು ಅಂತ ಗೊತ್ತಾಗ್ತಿಲ್ಲ..."

"ತಗೋಬೇಡ. ನೀನು ಬೈಯುವಾಗಲಾದ್ರೂ ನನ್ನ ಕಡೆ ನೋಡ್ತಿದ್ದೆ. ನಂಗೆ ಅಷ್ಟೇ ಸಾಕಿತ್ತು. ಪಾಠಕ್ಕೆ ಬರ್ತಿದ್ದ ಕಾಲದಿಂದ ನಂಗೆ ಅಷ್ಟೇ ಸಾಕಿತ್ತು."

ಬೆನಿಲ್ಡಾ ಅವನ ಪಕ್ಕ ಕೂತು ಹಣೆಯನ್ನು ಅವನ ಭುಜಕ್ಕಾನಿಸಿದಳು. ಪಾಯ್ ಸತ್ತ ದಿನ ಬಂಧುಗಳೆದುರು ಬಿಗಿಹಿಡಿದ ಅಳು ಈಗ ಕಟ್ಟೆಯೊಡೆದು ಬಂತು. ಅವನೂ ಅತ್ತ. ಒಬ್ಬರು ಇನ್ನೊಬ್ಬರಿಗೆ ಸುಮ್ಮನಿರು ಎನ್ನಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳು ಮುಖವೆತ್ತಿದಳು.

"ಇವತ್ತು ಮನೆಗೆ ಬಾ."

"ಏನಂತ ಬರ್ಲಿ ಬೆನು?"

"ನಿನ್ನ ಮನೆ ಅಂತ ಬಾ."

ಅವನು ಅವಳ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡ. ಸೂಜಿ ಚುಚ್ಚಿ ಒರಟಾದ ಅವಳ ಬೆರಳ ತುದಿಗಳನ್ನು ಒಂದೊಂದಾಗಿ ಸವರಿದ.

"ಊಟಕ್ಕೆ ಏನಿದೆ?"

"ನಿನ್ನೆಯ ಮೀನುಸಾರು... ಒಬ್ಬಳಿಗೇ ಅಂತ ಅಳತೆ ಇನ್ನೂ ಸಿಕ್ಕಿಲ್ಲ ತೆಲ್ಮೊ. ದಿನಾ ಉಳಿಯುತ್ತೆ."

"ಇನ್ನು ಉಳಿಯಲ್ಲ," ಎಂದ ಅವನು.