ಹೆಜ್ಜೆಗನ್ನಡಿ ಕಂಡ ದಾರಿ

ಹೆಜ್ಜೆಗನ್ನಡಿ ಎಂಬ ಯಂತ್ರವನ್ನು ನೆಲಕ್ಕೆ ಊರಿ ಗುಂಡಿ ಒತ್ತಿದರೆ ಬರುವ ಸದ್ದು ತೀರ ಸಣ್ಣದು. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ತಟ್ಟುತ್ತಿದ್ದಾರೆ ಅನ್ನಿಸುವಷ್ಟು. ಎರಡು ಸಾವಿರದ ಅರವತ್ತೊಂದನೆಯ ಇಸವಿಯ ಜನವರಿಯ ಬೆಳಿಗ್ಗೆ, ಕೊಪ್ಪಳ ಸೀಮೆಯ ಮಲ್ಲನಕಟ್ಟಿ ಎಂಬ ಸಣ್ಣ ಪಟ್ಟಣದ ಹನ್ನೆರಡು ಎಕರೆ ಬಯಲಿನಲ್ಲಿ ಸುಮೇಧಾ ಕುಂದಗೋಳ ಆ ಸದ್ದನ್ನು ನಾನೂರು ಸಲ ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಅವಳ ಪರದೆಯ ಮೇಲೆ, ಬರೀ ಜಾಲಿಗಿಡ ಬೆಳೆದಿದ್ದ ಆ ಬಯಲಿನೊಳಗಿಂದ, ಕಂದು ಬಣ್ಣದ ಗೆರೆಗಳು ಒಂದೊಂದಾಗಿ ಮೇಲೆದ್ದು ಬಂದವು.

ಯಂತ್ರವನ್ನು ಕಂಡುಹಿಡಿದವರು ಭೂಭೌತ ವಿಜ್ಞಾನಿ ಡಾ. ನಜೀರ್ ಸವಣೂರ. ಅದರ ತತ್ತ್ವ ಸರಳ. ಜನ ದಿನಾ ತುಳಿಯುವ ಕಡೆ ಮಣ್ಣಿನ ಕಣಗಳು ಒತ್ತೊತ್ತಾಗಿ ಕೂರುತ್ತವೆ. ಮರುವರ್ಷದ ಧೂಳು ಅದರ ಮೇಲೆ ಬೀಳುತ್ತದೆ, ಅದನ್ನೂ ತುಳಿಯುತ್ತಾರೆ. ನಡಿಗೆ ನಿಂತುಹೋದರೂ ಈರುಳ್ಳಿ ಸಿಪ್ಪೆಯಂಥ ಆ ಪದರಗಳು ಒಳಗೆ ಉಳಿಯುತ್ತವೆ. ಯಂತ್ರ ನೆಲದೊಳಕ್ಕೆ ಕಂಪನ ಕಳಿಸಿ, ಮರಳಿ ಬಂದ ದನಿಯಿಂದ ಪದರಗಳನ್ನು ಬಿಡಿಸುತ್ತದೆ. ಪ್ರತಿ ಪದರದ ಮರಳು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂಬುದರಿಂದ ಅದರ ವಯಸ್ಸನ್ನೂ ಹೇಳುತ್ತದೆ. ಆರು ವರ್ಷಗಳಲ್ಲಿ ಅದು ಮುಚ್ಚಿಹೋದ ಬಾವಿಗಳನ್ನು ಹುಡುಕಿಕೊಟ್ಟಿತ್ತು. ಹೊಲದ ದಾರಿಗಾಗಿ ಕೋರ್ಟು ಹತ್ತಿದ್ದ ಎಷ್ಟೋ ಅಣ್ಣತಮ್ಮಂದಿರ ಬಾಯಿ ಮುಚ್ಚಿಸಿತ್ತು.

ಸುಮೇಧಾ ಭೂದೃಶ್ಯ ವಿನ್ಯಾಸದ ಕೊನೆಯ ವರ್ಷದ ವಿದ್ಯಾರ್ಥಿನಿ. ಎಲ್ಲಿ ಮರ, ಎಲ್ಲಿ ನೀರು, ಎಲ್ಲಿ ಕಾಲುದಾರಿ ಎಂದು ನೆಲಕ್ಕೆ ರೂಪ ಕೊಡುವ ವಿದ್ಯೆ ಅದು. ಮೊದಲ ವರ್ಷ ಅವಳು ಒಂದು ಅಂಗನವಾಡಿಯ ಅಂಗಳಕ್ಕೆ ಇಟ್ಟಿಗೆಯ ದಾರಿ ಹಾಕಿಸಿದ್ದಳು. ಮಕ್ಕಳು ಅದರ ಮೇಲೆ ಒಂದು ದಿನವೂ ಕಾಲಿಡದೆ ಹುಲ್ಲನ್ನು ತುಳಿದು ಬೇರೆಯೇ ದಾರಿ ಮಾಡಿಕೊಂಡವು. ಅವಳು ಅತ್ತಿದ್ದಳು. ಆಗ ಅವಳ ಮೇಷ್ಟ್ರೊಬ್ಬರು, "ಜನ ಕಾಲಿನಿಂದ ಎಳೆದ ಗೆರೆಯನ್ನು ಪೆನ್ಸಿಲ್ಲಿನಿಂದ ಅಳಿಸಬೇಡ" ಎಂದರು. ಅದೇ ಅವಳಿಗೆ ವೇದವಾಯಿತು. ಮುಂದೆ ಒಂದು ಸಂತೆ ಮೈದಾನ, ಒಂದು ಆಸ್ಪತ್ರೆಯ ಹಿತ್ತಲು, ಎಲ್ಲದರಲ್ಲೂ ಅವಳು ಮೊದಲು ಕಾಲುಗಳನ್ನು ನೋಡಿದಳು, ಆಮೇಲೆ ಗೆರೆ ಎಳೆದಳು. ಹೆಜ್ಜೆಗನ್ನಡಿ ಸಿಕ್ಕಿದ್ದಂತೂ ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು.

ಈಗ ಮಲ್ಲನಕಟ್ಟಿಯ ಪುರಸಭೆ ಅವಳ ಪದವಿಯ ನಕ್ಷೆಯನ್ನೇ ಉದ್ಯಾನವಾಗಿ ಕಟ್ಟಲು ಒಪ್ಪಿತ್ತು. ಯಾವ ವಿದ್ಯಾರ್ಥಿಗೂ ಸುಲಭಕ್ಕೆ ಸಿಗದ ಭಾಗ್ಯ ಅದು.

ಪರದೆಯಲ್ಲಿ ಎದ್ದ ಗೆರೆಗಳಲ್ಲಿ ಒಂದು ಅವಳ ಮನಸ್ಸು ಕದ್ದಿತು. ಊರಾಚೆಯ ದಲಿತರ ಕೇರಿಯಿಂದ ಹೊರಟು, ಬಯಲಿನ ನಡುವನ್ನು ಬಿಟ್ಟು, ದೊಡ್ಡ ಬಿಲ್ಲಿನ ಹಾಗೆ ಬಳಸಿ ಈಗಿನ ಬಸ್‌ ನಿಲ್ದಾಣ ಸೇರುವ ದಾರಿ. ಮಧ್ಯದಲ್ಲಿ ಅದು ಎರಡು ಎಳೆಯಾಗಿ ಬಿಡಿಸಿಕೊಂಡು ಮತ್ತೆ ಕೂಡುತ್ತಿತ್ತು. ಒಳಗಿನದು ಬೇಸಿಗೆಯ ದಾರಿ, ಹೊರಗಿನದು ಮಳೆಗಾಲದ ದಾರಿ ಇರಬೇಕೆಂದು ಅವಳು ಊಹಿಸಿದಳು. ಪದರಗಳನ್ನೆಲ್ಲ ಒಂದರ ಮೇಲೊಂದು ಹೇರಿ ಒಂದೇ ಚಿತ್ರ ಮಾಡಿದಳು. ನಕ್ಷೆಯಲ್ಲಿ ಆ ಬಾಗಿಗೆ ಕಲ್ಲು ಹಾಸಿ ಎರಡೂ ಬದಿ ಹೂಗಿಡ ನೆಟ್ಟಳು. ಬಿಲ್ಲಿನ ಒಳಗೆ ಯಾರ ಹೆಜ್ಜೆಯೂ ಇರಲಿಲ್ಲವಾದ್ದರಿಂದ ಅಲ್ಲಿ ತಾವರೆಯ ಕೊಳವನ್ನಿಟ್ಟಳು. ಇಡೀ ಬಯಲಿಗೆ ಹದಿನೈದು ವರ್ಷಗಳಿಂದ ಬೇಲಿ ಬಿದ್ದಿತ್ತು. ಅಲ್ಲಿ ನಡೆಯುವವರನ್ನು ಕಣ್ಣಾರೆ ನೋಡುವ ಅವಕಾಶ ಅವಳಿಗಿರಲಿಲ್ಲ. ಆದರೆ ನಡೆದವರು ಕೂಗಳತೆಯಲ್ಲೇ ಇದ್ದರು. ಅವರನ್ನು ಕೇಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಅವಳ ಮಾದರಿಯನ್ನು ಪುರಸಭೆಯ ಜಗಲಿಯಲ್ಲಿ ಜನರಿಗೆ ತೋರಿಸಲು ಇಟ್ಟ ದಿನ, ಕೇರಿಯ ಹುಲಿಗೆವ್ವ ಬಂದಳು. ಎಪ್ಪತ್ತೆಂಟರ ಮುದುಕಿ. ಕನ್ನಡಕ ಸರಿಮಾಡಿಕೊಂಡು ಬಾಗಿ ನೋಡಿದಳು.

"ಇದೇನ ತಂಗಿ, ಹಾವು ಹರದಂಗ?"

"ನಿಮ್ಮ ಹಳೇ ದಾರಿ ಯವ್ವಾ," ಸುಮೇಧಾ ಹಿಗ್ಗಿನಿಂದ ಹೇಳಿದಳು. "ನೂರಾರು ವರ್ಷ ನಿಮ್ಮ ಮಂದಿ ಇದರ ಮ್ಯಾಲೇ ನಡದಾರ. ನಾ ಅದನ್ನ ಹಂಗ ಉಳಿಸೀನಿ."

ಹುಲಿಗೆವ್ವ ಮಾದರಿಯ ಇನ್ನಷ್ಟು ಹತ್ತಿರ ಸರಿದಳು. ಆಮೇಲೆ ಬೆರಳಿಟ್ಟು ತೋರಿಸಿದಳು.

"ಇಲ್ಲೆ ಬೇವಿನ ಕಟ್ಟಿ ಇತ್ತು. ನೆಟ್ಟಗ ಹೋದ್ರ ಅದರ ಮುಂದ ಹಾಯಬೇಕು. ನಾವು ಹಾಯಂಗಿದ್ದಿಲ್ಲ. ಕಟ್ಟಿ ಮ್ಯಾಲ ಯಾರೂ ಇಲ್ಲಂದ್ರ ಈ ಒಳಗಿನ ದಾರಿ. ದೊಡ್ಡ ಮನಿಯವರು ಯಾರರ ಕುಂತಿದ್ರ ಆ ಹೊರಗಿಂದು. ಬಗಲಾಗ ಕೂಸಿರಲಿ, ತಲಿ ಮ್ಯಾಲ ಹೊರಿ ಇರಲಿ, ಸುತ್ತಿ ಹೋಗಬೇಕು. ಕಟ್ಟಿ ಕೆಡವಿದ ವರ್ಷಾನ ಬೇಲಿ ಹಾಕಿದ್ರು." ನೀಲಿ ಬಣ್ಣದ ಮೇಲೆ ಅವಳ ಬೆರಳು ನಿಂತಿತು. "ಇದೇನು?"

"ಕೊಳ," ಎಂದಳು ಸುಮೇಧಾ.

"ಆವಾಗ ಮಂದಿ ಕುಂತು ತಡೀತಿದ್ರು. ಈಗ ನೀ ನೀರ ನಿಲ್ಲಿಸಿ ತಡ್ಯಾಕತ್ತೀಯೇನ ತಂಗಿ? ಸಾಯೂದ್ರೊಳಗ ಒಮ್ಮೆ ನೆಟ್ಟಗ ಹೋಗಬೇಕಂತಿದ್ದೆ."

ಆನೆ ನಡೆದದ್ದೇ ದಾರಿ ಎಂದು ನಾವು ಮಾತು ಮಾತಿಗೆ ಹೇಳುತ್ತೇವೆ. ಆನೆಗೆ ದಾರಿ ಬಿಟ್ಟವರು ಎಲ್ಲಿ ನಡೆದರೆಂದು ಕೇಳಿದವರು ಕಡಿಮೆ. ಅವಮಾನಕ್ಕೆ ಕಲ್ಲು ಹಾಸಿ, ಹೂ ಮುಡಿಸಿ, ಅದಕ್ಕೆ ಸೌಂದರ್ಯ ಎಂದು ಹೆಸರಿಟ್ಟಿದ್ದೆನಲ್ಲ ಎಂದು ಸುಮೇಧಾಳಿಗೆ ತನ್ನ ಮೇಲೆಯೇ ಹೇಸಿಕೆಯಾಯಿತು. ಭಯವೂ ಆಯಿತು. ಸೋಮವಾರ ಕೊಳ ಅಗೆಯುವ ಯಂತ್ರ ಬರುವುದಿತ್ತು. ನಕ್ಷೆ ಹಿಂತೆಗೆದುಕೊಂಡರೆ ಈ ವರ್ಷದ ಪದವಿ ಹೋಗುತ್ತಿತ್ತು.

ಅವಳಿಗೆ ಯಂತ್ರ ಕೊಟ್ಟಿದ್ದ ಡಾ. ಸವಣೂರ ಅಂದು ಸಂಜೆ ಅವಳಿಂದ ಎಲ್ಲವನ್ನೂ ಕೇಳಿಸಿಕೊಂಡರು. "ಯಂತ್ರ ಎಲ್ಲಿ ನಡದ್ರು ಅಂತ ಹೇಳ್ತದವ್ವಾ, ಯಾಕ ನಡದ್ರು ಅಂತ ಅದಕ್ಕ ಗೊತ್ತಿಲ್ಲ. ಮಣ್ಣನ್ನ ಕೇಳಿದ್ವಿ, ಮಂದೀನ್ನ ಕೇಳಲಿಲ್ಲ. ನಂದೂ ತಪ್ಪೈತಿ," ಎಂದರು. "ನಾಳಿನ ಪುರಸಭೆ ಸಭಾಕ್ಕ ನಾನೂ ಬರ್ತೀನಿ."

ಪುರಸಭೆಯ ಅಧ್ಯಕ್ಷ ಶಿವಶಾಂತಗೌಡರು ಕೆಟ್ಟವರಲ್ಲ. ಐವತ್ತೈದರ ಮೃದು ಮಾತಿನ ಮನುಷ್ಯ. ಈ ಹುಡುಗಿಯ ನಕ್ಷೆಗಾಗಿ ತಾವೇ ಓಡಾಡಿದವರು. ಸುಮೇಧಾ ಎದ್ದು ನಿಂತು ಕೊಳ ಬೇಡ, ಬಾಗಿದ ದಾರಿಗೆ ಹೂವೂ ಬೇಡ, ಕೇರಿಯಿಂದ ನಿಲ್ದಾಣಕ್ಕೆ ನೆಟ್ಟಗಿನ ದಾರಿ ಆಗಬೇಕು ಎಂದಾಗ ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು.

"ಅದೆಲ್ಲಾ ನಮ್ಮ ಮುತ್ತಜ್ಜನ ಕಾಲದ್ದವ್ವಾ. ನಿಜಾಮರಿದ್ದಾಗ ಹಂಗ ಇತ್ತಂತ ಕೇಳೀನಿ. ಆರಿದ ಗಾಯ ಯಾಕ ಕೆರೀತೀ?"

"ಯಾವ ಕಾಲದ್ದು ಅಂತ ನೋಡೂಣ್ರಿ," ಎಂದರು ಡಾ. ಸವಣೂರ. ಸುಮೇಧಾ ಒಂದರ ಮೇಲೊಂದು ಹೇರಿದ್ದ ಪದರಗಳನ್ನು ಅವರು ಮತ್ತೆ ಬೇರೆ ಬೇರೆ ಮಾಡಿದ್ದರು. ಗೋಡೆಯ ಮೇಲೆ ಮೊದಲು ಸಾವಿರದ ಒಂಬೈನೂರ ಮೂವತ್ತರ ಪದರ ಮೂಡಿತು. ಬಿಲ್ಲು ಇತ್ತು. ಗೌಡರು ತಲೆಯಾಡಿಸಿದರು. ಐವತ್ತೈದರಲ್ಲೂ ಇತ್ತು. ಎಂಬತ್ತರಲ್ಲಿ ಇನ್ನೂ ಅಚ್ಚಾಗಿತ್ತು. "ಮ್ಯಾಲ ಬರ್ರಿ, ಮ್ಯಾಲ ಬರ್ರಿ," ಎಂದರು ಗೌಡರು, ಈಗ ಅಳಿಸೀತು ಎಂಬ ನಂಬಿಕೆಯಿಂದ. ಎರಡು ಸಾವಿರದ ಪದರ. ಹತ್ತರ ಪದರ. ಆಮೇಲೆ ಇನ್ನೊಂದು ಪದರದಲ್ಲಿ ಡಾ. ಸವಣೂರ ಕೈ ನಿಲ್ಲಿಸಿದರು. ಎರಡೂ ಎಳೆಗಳು ಸ್ಪಷ್ಟವಾಗಿದ್ದವು. ಹೊರಗಿನ ಎಳೆ ಒಳಗಿನದಕ್ಕಿಂತ ಗಟ್ಟಿಯಾಗಿತ್ತು. ನಡುವಿನ ನೆಲದಲ್ಲಿ ಒಂದು ಹೆಜ್ಜೆಯೂ ಇರಲಿಲ್ಲ.

"ಇದು ಯಾವ ಇಸವಿದು?" ಗೌಡರು ಕೇಳಿದರು.

"ಎರಡು ಸಾವಿರದ ಇಪ್ಪತ್ತೈದರ ಆಸುಪಾಸಿಂದು."

ಸಭೆಯಲ್ಲಿ ಅರ್ಧಕ್ಕರ್ಧ ಜನ ಆ ಕಾಲದಲ್ಲಿ ಶಾಲೆ ಕಾಲೇಜಿನಲ್ಲಿದ್ದವರು, ಸಮಾನತೆಯ ಮೇಲೆ ಭಾಷಣ ಮಾಡಿ ಬಹುಮಾನ ತಂದವರು. ಗೌಡರ ಮುಖದ ಬಣ್ಣ ನಿಧಾನವಾಗಿ ಇಳಿಯಿತು.

"ಆಗ ನಾ ಡಿಗ್ರಿ ಓದತಿದ್ದೆ," ಎಂದರು, ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತಾಗದ ಹಾಗೆ. "ದಿನಾ ಸಂಜಿಕೆ ಆ ಕಟ್ಟಿ ಮ್ಯಾಲೇ ಕುಂದರ್ತಿದ್ದೆ. ನಾ ಯಾರಿಗೂ ಒಂದ ಮಾತು ಅಂದಾಂವ ಅಲ್ಲ. ಯಾರೂ ಸುತ್ತಿ ಹೋಗೂದು ನಾ ನೋಡೇ ಇಲ್ಲ."

ಹಿಂದಿನ ಸಾಲಿನಲ್ಲಿ ಕೂತಿದ್ದ ಹುಲಿಗೆವ್ವ ಎದ್ದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ನೋಡಿರಾಕಿಲ್ಲ ಬಿಡ್ರಿ ಗೌಡ್ರ. ನೀವು ಮೊಬೈಲ್ ನೋಡಕೋತ ಕುಂತಿರ್ತಿದ್ರಿ. ನಾವು ನಿಮ್ಮನ್ನ ನೋಡಿ ದಾರಿ ಬದಲಸ್ತಿದ್ವಿ."