ಮೊಳೆಗೆ ಚುಚ್ಚಿದ ಕೊನೆಯ ಚೀಟಿ

"ಎಚ್ಚರಿಕೆ ಬಂದಿತ್ತಾ, ಇಲ್ವಾ? ಅಷ್ಟು ಹೇಳಿ ಸಾಕು!" ಡಾಕ್ಟರಮ್ಮ ನನ್ನ ಕೌಂಟರಿನ ಮೇಲೆ ಕೈ ಬಡಿದರು.

ಹಳೆಯ ಪ್ರಮಾಣದಲ್ಲೇ ಮದ್ದು ಕೊಟ್ಟು ಬಸ್ ಚಾಲಕನೊಬ್ಬನ ಎರಡೂ ಕಿವಿ ಹೋಗಿತ್ತು. ಪ್ರಮಾಣ ಇಳಿಸಿ ಎಂಬ ಎಚ್ಚರಿಕೆ ತಿಂಗಳ ಹಿಂದೆಯೇ ಅಂತರ್ಜಾಲದಲ್ಲಿ ಪ್ರಕಟವಾಗಿತ್ತು. ಮೇಲ್‌ನಲ್ಲಿ ಬರುವ ಅಂಥವನ್ನು ಹೆಕ್ಕಿ ವೈದ್ಯರಿಗೆ ತಲುಪಿಸುವುದು ನಮ್ಮ ಆಸ್ಪತ್ರೆಯ ಗ್ರಂಥಾಲಯದ ಕೆಲಸ.

ಆ ಕೆಲಸ ಸಹಾಯಕ ಗ್ರಂಥಪಾಲಕಿಯದು. ನಮಗೆಲ್ಲ ಅವಳು ಅಕ್ಕ. ಮೂವರ ಕೆಲಸವನ್ನು ಒಬ್ಬಳೇ ಎಳೆಯುತ್ತಿದ್ದಳು. "ಬೇಜಾರಾಗಿ ಅವಳೇ ಅಳಿಸಿರ್ತಾಳೆ," ಎಂದ ಗ್ರಂಥಾಲಯದ ಮುಖ್ಯಸ್ಥರು ವಜಾ ಆದೇಶವನ್ನು ಟೈಪ್ ಮಾಡಿಸಿಯೂ ಆಗಿತ್ತು. ನನಗೆ ಮೈಯೆಲ್ಲ ಉರಿಯಿತು. ನೆಲಮಾಳಿಗೆಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಗೋಂದಣ್ಣನನ್ನು ಎಳೆದು ತಂದೆ. ಕಳೆದದ್ದನ್ನು ಪತ್ತೆಹಚ್ಚುವುದರಲ್ಲಿ ನಮ್ಮ ಕಟ್ಟಡದಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

ಗೋಂದಣ್ಣ ಕಂಪ್ಯೂಟರ್ ಮುಟ್ಟಲೇ ಇಲ್ಲ. ಓದಿದ ಪ್ರತಿ ಎಚ್ಚರಿಕೆಗೂ ಅಕ್ಕ ತಾರೀಖು ಹಾಕಿ ಒಂದು ಚೀಟಿ ಬರೆದು ಮೇಜಿನ ಮೊಳೆಗೆ ಚುಚ್ಚುತ್ತಿದ್ದಳು. ಅವುಗಳಲ್ಲಿ ಕೊನೆಯದು ಎರಡು ತಿಂಗಳ ಹಿಂದಿನ ಹನ್ನೊಂದನೇ ತಾರೀಖಿನದು. ಆಮೇಲೆ ಅವನು ಗೋಡೆಯ ಮೇಲಿನ ಫೋಟೊಗೆ ಮೂಗು ತಾಗಿಸಿ ನೋಡಿದ. ಅದು ಅದೇ ತಿಂಗಳ ಹದಿಮೂರರ ತಪಾಸಣೆಯ ಫೋಟೊ. ಅಕ್ಕನ ಕಂಪ್ಯೂಟರಿನ ಪಕ್ಕ ಮುಖ್ಯಸ್ಥರು ಹಲ್ಲು ಕಿರಿದು ನಿಂತಿದ್ದರು. ತೆರೆಯ ಮೇಲೆ 'ಓದದ ಮೇಲ್: 0' ಎಂದಿತ್ತು.

"ಹನ್ನೆರಡನೇ ತಾರೀಖು ಅಕ್ಕ ಬಂದಿದ್ಲಾ?" ಎಂದ.

ಹಾಜರಿ ಪುಸ್ತಕ ತೆಗೆದೆ. "ರಜೆ. ಮಗಳಿಗೆ ಜ್ವರ."

ಮಧ್ಯಾಹ್ನ ಎಲ್ಲರೂ ಓದುವ ಕೋಣೆಯಲ್ಲಿ ಸೇರಿದೆವು.

"ಬೇಜಾರಲ್ಲಿ ಅಳಿಸೋರು ಒಂದಷ್ಟು ಅಳಿಸ್ತಾರೆ, ಒಂದಷ್ಟು ಬಿಡ್ತಾರೆ," ಎಂದ ಗೋಂದಣ್ಣ. "ಇಲ್ಲಿ ಎಲ್ಲಾ ಒಂದೇ ಸಲ ನಿಂತಿದೆ. ಹನ್ನೊಂದಕ್ಕೆ ಬರ್ತಿತ್ತು, ಹದಿಮೂರಕ್ಕೆ ಸೊನ್ನೆ. ನಡುವಿನ ದಿನ ಅಕ್ಕ ಇರ್ಲಿಲ್ಲ. ಅವಳ ಪಾಸ್‌ವರ್ಡ್ ಗೊತ್ತಿರೋದು ಇನ್ನೊಬ್ಬರಿಗೆ ಮಾತ್ರ. ಅಲ್ವಾ ಸಾರ್?"

ಅವನು ಹೇಳಿದಂತೆ ನಾನು ಮೇಲ್‌ನ ಸೆಟ್ಟಿಂಗ್ಸ್ ತೆರೆದೆ. ಹೊರಗಿನಿಂದ ಬಂದಿದ್ದ, ಮುಂದೆ ಬರುವ ಸೂಚನೆಗಳೆಲ್ಲ 'ಆಮೇಲೆ ಓದಿ' ಎಂಬ ಫೋಲ್ಡರಿಗೆ ಹೋಗುವಂತೆ ಹನ್ನೆರಡನೇ ತಾರೀಖು ಯಾರೋ ಬದಲಾಯಿಸಿದ್ದರು. ಚಾಲಕನ ಮದ್ದಿನ ಎಚ್ಚರಿಕೆಯೂ ಅಲ್ಲೇ ಬಿದ್ದಿತ್ತು.

ಮುಖ್ಯಸ್ಥರ ಮುಖ ಬಿಳುಚಿತು. "ತಪಾಸಣೆಗೆ ಬಂದೋರಿಗೆ ಸಾವಿರಗಟ್ಟಲೆ ಬಾಕಿ ತೋರಿಸೋಕಾಗುತ್ತಾ? ಒಂದೇ ದಿನಕ್ಕೆ ಅಂತ ಮಾಡಿದ್ದು. ಮತ್ತೆ ಸರಿಮಾಡೋದು ಮರೆತೇಹೋಯ್ತು."

ನಾನು ಗೆದ್ದವನಂತೆ ಅಕ್ಕನತ್ತ ತಿರುಗಿದೆ. ಅವಳು ತಲೆ ಎತ್ತಲಿಲ್ಲ.

"ಎರಡು ತಿಂಗಳು ಒಂದೂ ಬರ್ಲಿಲ್ಲ. ನಂಗೆ ಗೊತ್ತಾಗ್ದೇ ಇರುತ್ತಾ, ಗೋಂದಣ್ಣ?" ಎಂದಳು. "ಹೊತ್ತಿಗೆ ಸರಿಯಾಗಿ ಮನೆಗೆ ಹೋಗ್ತಿದ್ದೆ. ಮಗಳ ಜೊತೆ ಕೂತು ಊಟ ಮಾಡ್ತಿದ್ದೆ. ಯಾಕೆ ಬರ್ತಿಲ್ಲ ಅಂತ ಕೇಳಿದ್ರೆ ಮತ್ತೆ ಶುರುವಾಗುತ್ತಲ್ಲ ಅಂತ ಬಾಯಿ ಮುಚ್ಕೊಂಡಿದ್ದೆ."

ಗೋಂದಣ್ಣ ಕಣ್ಣು ಮುಚ್ಚಿದ. ಹೊಸ ಚೀಟಿಯಿಲ್ಲದ ಮೊಳೆ ನೋಡಿದಾಗಲೇ ಅವನಿಗೆ ಇದೂ ತಿಳಿದಿತ್ತು. ಅವಳು ಹೇಳದಿರಲಿ ಎಂದುಕೊಂಡಿದ್ದನಂತೆ. ಡಾಕ್ಟರಮ್ಮ ಎದ್ದುಹೋದರು.

ಅಕ್ಕ ಅಂದೇ ರಾಜೀನಾಮೆ ಬರೆದಳು. ಮುಖ್ಯಸ್ಥರಿಗೆ ಒಂದು ಮೆಮೊ ಬಂತು, ಅಷ್ಟೆ. ಅಕ್ಕನ ಕೆಲಸ ಈಗ ಕೌಂಟರಿನ ಜೊತೆಗೆ ನನ್ನ ತಲೆಗೇ ಬಿದ್ದಿದೆ.

ದಿನಾ ನೂರಾರು ಬರುವ ಕಡೆ ನಿನ್ನೆ ಬೆಳಿಗ್ಗೆ ಹತ್ತೇ ಹತ್ತು ಮೇಲ್ ಬಂದಿದ್ದವು. ಯಾಕಿಷ್ಟು ಕಡಿಮೆ ಎಂದು ನಾನು ಕೇಳಲಿಲ್ಲ. ಸದ್ಯ, ಬದುಕಿದೆ ಅಂದುಕೊಂಡೆ.