ಸುಳ್ಳು ಕುಂಟು

“ನೋವು ಹೇಗಿದೆ?” ಎಂದೆ.

“ಇದೆ ಮೇಡಂ,” ಎಂದರು ಪೇಂಟರ್, ನನ್ನ ಮುಖವನ್ನೇ ನೋಡುತ್ತಾ. ನಿಜವಾಗಿ ನೋವಿರುವವರು ಮಂಡಿ ನೋಡಿಕೊಳ್ಳುತ್ತಾರೆ. ಹದಿನೆಂಟು ವರ್ಷ ಫಿಸಿಯೋಥೆರಪಿ ಮಾಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ?

ಮನೆಗಳಿಗೆ ಬಣ್ಣ ಬಳಿಯುವ ಮನುಷ್ಯ. ಮೂವತ್ತು ವರ್ಷ ಏಣಿ ಹತ್ತಿಳಿದು ಎಡಮಂಡಿಯ ಒಳಮಗ್ಗುಲು ಸವೆದಿತ್ತು. ನಮ್ಮ ದೊಡ್ಡ ಡಾಕ್ಟರು ಆ ಸವೆದ ಭಾಗವನ್ನಷ್ಟೇ ತೆಗೆದು ಲೋಹ, ಪ್ಲಾಸ್ಟಿಕ್ ಕೂರಿಸಿದ್ದರು. ಹೊರಮಗ್ಗುಲು, ಮಂಡಿಚಿಪ್ಪು, ಮೂಳೆಗಳನ್ನು ಹಿಡಿದಿಡುವ ನಡುವಿನ ಲಿಗಮೆಂಟುಗಳು ಎಲ್ಲ ಅವರವೇ.

“ಅರ್ಧ ಹೊಸದು, ಅರ್ಧ ಹಳೇದು. ಹೊಂದಿಕೊಳ್ಳುತ್ತಾ?” ಎಂದು ಮೊದಲ ದಿನವೇ ಕೇಳಿದ್ದರು.

“ಲಿಗಮೆಂಟ್ ನಿಮ್ದೇ ಉಳಿದಿದೆಯಲ್ಲ, ಅದು ಹೊಂದಿಸ್ಕೊಂಡು ಹೋಗುತ್ತೆ. ಮಂಡಿ ಹೆಚ್ಚುಕಮ್ಮಿ ಮೊದಲಿನ ಹಾಗೇ ಮಡಚುತ್ತೆ. ಭಾರ ಎರಡೂ ಕಡೆ ಸರಿಯಾಗಿ ಬೀಳೋ ಹಾಗೆ ನಡೀಬೇಕು, ಅಷ್ಟೇ.”

“ಎರಡನೇ ಸಂಬಂಧ ಇದ್ದ ಹಾಗೆ ಅನ್ನಿ.”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಹೆಂಡತಿ ತೀರಿಕೊಂಡು ಆರು ವರ್ಷ ಆಗಿತ್ತಂತೆ. ನನಗೆ ಡೈವೋರ್ಸ್ ಆಗಿ ಒಂಬತ್ತು. ಇಬ್ಬರೂ ಗೋಡೆಯ ಕಡೆ ನೋಡಿ ನಕ್ಕೆವು.

ಎರಡನೇ ತಿಂಗಳಿಗೆ ಮತ್ತೆ ಕೆಲಸಕ್ಕೆ ಹೋಗತೊಡಗಿದರು. ಬಂದಾಗಲೆಲ್ಲ ಅವರ ಕಿವಿಯ ಹಿಂದೆ ಒಂದು ಚುಕ್ಕೆ ಬಣ್ಣ ಉಳಿದಿರುತ್ತಿತ್ತು.

“ಇವತ್ತು ಹಳದಿ. ಮಕ್ಕಳ ಕೋಣೆನಾ?”

“ಅಡುಗೆಮನೆ. ಎಲ್ಲೆಲ್ಲಿ ನೋಡ್ತೀರಪ್ಪಾ ನೀವು!”

ನೋವಿದ್ದವರು ಏಣಿ ಹೇಗೆ ಹತ್ತಿದಿರಿ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮೂರನೇ ತಿಂಗಳಲ್ಲಿ ಒಂದು ದಿನ ಕಿಟಕಿಯಿಂದ ನೋಡಿದೆ. ಬಿರಬಿರನೆ ರಸ್ತೆ ದಾಟಿ ಬಂದವರು ನಮ್ಮ ಬಾಗಿಲ ಬಳಿ ನಿಂತು, ಕೂದಲು ಸರಿಮಾಡಿಕೊಂಡು, ಆಮೇಲೆ ಕುಂಟತೊಡಗಿದರು. ನನಗೆ ನಗು ತಡೆಯಲಾಗಲಿಲ್ಲ. ನಲವತ್ತೆಂಟನೇ ವಯಸ್ಸಿನಲ್ಲಿ ನನಗೋಸ್ಕರ ಒಬ್ಬ ಗಂಡಸು ಕುಂಟುತ್ತಿದ್ದಾನೆ ಎಂದು ಎದೆ ಉಬ್ಬಿತು. ಆ ಸಂಜೆ ಫೈಲಿನಲ್ಲಿ ಬರೆದೆ: ‘ನೋವು ಇದೆ. ಇನ್ನೂ ನಾಲ್ಕು ವಾರ ಬರಲಿ.’

ಮುಂದಿನ ತಿಂಗಳೂ ಅದನ್ನೇ ಬರೆದೆ. ಅದರ ಮುಂದಿನ ತಿಂಗಳೂ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಒಂಬತ್ತನೇ ತಿಂಗಳಲ್ಲಿ ದೊಡ್ಡ ಡಾಕ್ಟರು ಕರೆದರು. “ಎಕ್ಸ್‌ರೇಯಲ್ಲಿ ಏನೂ ಕಾಣ್ತಿಲ್ಲ. ಆದ್ರೆ ನೀವು ಇಷ್ಟು ತಿಂಗಳಿಂದ ನೋವು ಅಂತ ಬರೆದಿದೀರಿ, ಪೇಷಂಟೂ ಹೌದು ಅಂತಾರೆ. ಪೂರ್ತಿ ಮಂಡಿ ಬದಲಾಯಿಸಿಬಿಡೋಣ. ನಿಮ್ಮ ಮಾತನ್ನ ನಾನು ಯಾವತ್ತೂ ನಂಬ್ತೀನಿ.”

ಪೂರ್ತಿ ಎಂದರೆ ಚೆನ್ನಾಗಿರುವ ಹೊರಮಗ್ಗುಲನ್ನೂ ಕೊಯ್ಯುವುದು, ಲಿಗಮೆಂಟನ್ನೂ ಕತ್ತರಿಸುವುದು.

ಅವತ್ತೇ ಪೇಂಟರನ್ನು ಕರೆಸಿ, ಪಾದದ ಭಾರ ತೋರಿಸುವ ಮ್ಯಾಟಿನ ಮೇಲೆ ನಿಲ್ಲಿಸಿದೆ.

“ನಾಟಕ ಸಾಕು. ಆಪರೇಷನ್‌ಗೆ ದಿನ ಗೊತ್ತು ಮಾಡ್ತಿದಾರೆ. ಸರಿಯಾಗಿ ನಡೆದು ತೋರಿಸಿ, ಡಾಕ್ಟ್ರಿಗೆ ನಾನು ಹೇಳ್ತೀನಿ.”

ಅವರ ಕಿವಿ ಕೆಂಪಾಯಿತು. ತಲೆ ತಗ್ಗಿಸಿ ನಡೆದರು. ಕುಂಟಿದರು.

“ತಮಾಷೆ ಬೇಡ ಅಂದೆ.”

“ತಮಾಷೆ ಅಲ್ಲ ಮೇಡಂ. ನಿಮ್ಮ ರಿಸೆಪ್ಷನ್ ಹುಡುಗಿ ಒಂದಿನ ಬಸ್‌ಸ್ಟಾಪಲ್ಲಿ ಸಿಕ್ಕಿಬಿಟ್ಳು. ಎಲ್ಲಿ ನಿಮಗೆ ಗೊತ್ತಾಗುತ್ತೋ ಅಂತ ಆಮೇಲೆ ಎಲ್ಲ ಕಡೆ ಕುಂಟಿದೆ. ಏಣಿ ಮೇಲೂ. ಈಗ ನೆಟ್ಟಗೆ ನಡೆಯೋಕೆ ಹೋದ್ರೆ ಬರ್ತಿಲ್ಲ. ಹೊರಗಡೆ ಭಾಗದಲ್ಲಿ ನಿಜವಾಗೇ ನೋಯುತ್ತೆ.”

ಮ್ಯಾಟ್ ಸುಳ್ಳು ಹೇಳುವುದಿಲ್ಲ. ಭಾರವೆಲ್ಲ ಪಾದದ ಹೊರ ಅಂಚಿಗೆ ಬಿದ್ದಿತ್ತು. ಮಂಡಿ ಪೂರ್ತಿ ಚಾಚುತ್ತಿರಲಿಲ್ಲ, ತೊಡೆಯ ಸ್ನಾಯು ಬಲಗಾಲಿನದಕ್ಕಿಂತ ಎರಡು ಬೆರಳು ಸೊರಗಿತ್ತು. ಪ್ರತಿ ವಾರ ಮುಟ್ಟಿದ ಕಾಲು, ನನಗೇ ಕಾಣಲಿಲ್ಲ. ನಾನು ಕಿವಿಯ ಹಿಂದಿನ ಬಣ್ಣ ನೋಡುತ್ತಿದ್ದೆ.

“ಟೀ ಕುಡಿಯೋಣ ಬನ್ನಿ ಅಂತ ಒಂದು ಮಾತು ಕೇಳಿದ್ರೆ ಬರ್ತಿದ್ದೆನಲ್ರೀ,” ಎಂದೆ. “ನೀವು ಕುಂಟೋದು ಸುಳ್ಳು ಅಂತ ಮೂರನೇ ತಿಂಗಳಿಂದ ಗೊತ್ತಿತ್ತು ನಂಗೆ. ನೀವು ಬರ್ತಿರಲಿ ಅಂತ ಸುಮ್ನಿದ್ದೆ.”

ಅವರು ಮ್ಯಾಟಿನಿಂದ ಇಳಿದು ಚಪ್ಪಲಿ ಹಾಕಿಕೊಂಡರು.

“ನಾನು ದಡ್ಡ, ಸುಳ್ಳು ಹೇಳಿದೆ,” ಎಂದರು. “ನೀವು ಗೊತ್ತಿದ್ದೂ ಬರೆದ್ರಿ. ಅದು ನನ್ನ ಕಾಲಲ್ವಾ ಮೇಡಂ?”

ದೊಡ್ಡ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡೆ. ಆಪರೇಷನ್ ನಿಂತಿತು. ಅವರಿಗೆ ಬೇರೆ ಆಸ್ಪತ್ರೆ, ಬೇರೆ ಫಿಸಿಯೋ. ಆರು ತಿಂಗಳು ಸರಿಯಾಗಿ ಕಲಿತರೆ ಉಳಿದ ಅರ್ಧ ಉಳಿಯಬಹುದು ಎಂದರು ಡಾಕ್ಟರು. ನನ್ನ ನೋಟ್ಸನ್ನು ಇನ್ನು ಮೇಲೆ ಇನ್ನೊಬ್ಬರು ನೋಡಿ ಸಹಿ ಹಾಕುತ್ತಾರೆ. ಮಾಡಿದ್ದುಣ್ಣೋ ಮಹಾರಾಯ.

ಫೈಲ್ ತೆಗೆದುಕೊಳ್ಳಲು ಬಂದ ದಿನ ಅವರ ಕಿವಿಯ ಹಿಂದೆ ಬಣ್ಣವಿರಲಿಲ್ಲ. ಏಣಿ ಹತ್ತುವುದನ್ನು ಹೊಸ ಫಿಸಿಯೋ ಬಿಡಿಸಿದ್ದರಂತೆ. ಫೈಲ್ ಕೊಡುವಾಗ ಬೆರಳು ತಾಗಿತು. ಇಬ್ಬರೂ ತಕ್ಷಣ ಕೈ ತೆಗೆಯಲಿಲ್ಲ.

“ಆ ಆಸ್ಪತ್ರೆಗೆ ಬಂದು ನೋಡ್ಲಾ?” ಎಂದೆ.

“ಬೇಡ. ನೀವು ನೋಡಿದ್ರೆ ನಾನು ಕುಂಟ್ತೀನಿ. ಈಗ ಇಳಿಯುವಾಗ್ಲೂ ನೋಡಬೇಡಿ.”

ನಾನು ಗೋಡೆಗೆ ಮುಖ ಮಾಡಿ ನಿಂತೆ. ಮೆಟ್ಟಿಲ ಮೇಲೆ ಒಂದು ಹೆಜ್ಜೆ ಭಾರ, ಒಂದು ಹಗುರ, ಮತ್ತೆ ಒಂದು ಭಾರ. ಕೊನೆಯ ಮೆಟ್ಟಿಲಿನವರೆಗೂ ಹಾಗೇ ಕೇಳಿಸಿತು, ನಾನು ನೋಡುತ್ತಿರದಿದ್ದರೂ.